ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಅಕಾಲಿಕ ದಹನ ಮತ್ತು ಇಕೋ ಮೋಡ್ ಬಳಕೆ: ವಾಹನ ಮಾಲೀಕರಿಗೆ ಮಾಹಿತಿ

ಅರಸೀಕೆರೆ, ಬೇಲೂರು ಹಾಗೂ ಹಳೇಬೀಡು ಭಾಗದಲ್ಲಿ ಟರ್ಬೊ ಪೆಟ್ರೋಲ್ ಕಾರು ಹೊಂದಿರುವ ಮಾಲೀಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಎಂಜಿನ್ ಬದಲಾವಣೆಯನ್ನು ನೋಂದಣಿ ಪ್ರಮಾಣಪತ್ರದಲ್ಲಿ ದಾಖಲಿಸಲು ಅರ್ಜಿ ಸಲ್ಲಿಸುವವರು ಇದನ್ನು ಓದಿಕೊಳ್ಳುವುದು ಸೂಕ್ತ.

ಅಕಾಲಿಕ ದಹನ ಎಂದರೇನು?

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಮತ್ತು ಗಾಳಿಯ ಮಿಶ್ರಣವು ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಕೊಳ್ಳಬೇಕು. ಕಿಡಿಗೆ ಮುನ್ನವೇ ಮಿಶ್ರಣವು ತಾನಾಗಿ ಹೊತ್ತಿಕೊಂಡಲ್ಲಿ ಅದು ಅಕಾಲಿಕ ದಹನ. ಸಿಲಿಂಡರಿನೊಳಗೆ ನೇರವಾಗಿ ಇಂಧನ ಸಿಂಪಡಿಸುವ ಟರ್ಬೊ ಎಂಜಿನ್ನುಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಎಂಜಿನ್ ವೇಗವು ನಿಮಿಷಕ್ಕೆ ಸುಮಾರು 1500ರಿಂದ 2500 ಸುತ್ತುಗಳಷ್ಟು ಕಡಿಮೆಯಿದ್ದು, ಭಾರ ಮಾತ್ರ ಅಧಿಕವಾಗಿರುವಾಗ ಇದರ ಸಂಭವ ಹೆಚ್ಚು. ಆದ್ದರಿಂದ ಇದನ್ನು ಲೋ-ಸ್ಪೀಡ್ ಪ್ರಿ-ಇಗ್ನಿಷನ್ ಎಂದು ಕರೆಯಲಾಗುತ್ತದೆ.

ಸಿಲಿಂಡರ್ ಗೋಡೆಯಲ್ಲಿ ಇಂಧನದೊಡನೆ ಬೆರೆತ ಎಂಜಿನ್ ಆಯಿಲಿನ ಹನಿಗಳು ಹಾಗೂ ಒಳಗೆ ಸಂಗ್ರಹವಾದ ಮಸಿಯ ಕಣಗಳು ಇದಕ್ಕೆ ಮುಖ್ಯ ಕಾರಣಗಳೆಂದು ಗುರುತಿಸಲಾಗಿದೆ. ಆಯಿಲಿನಲ್ಲಿ ಕ್ಯಾಲ್ಸಿಯಂ ಆಧಾರಿತ ಶುದ್ಧಿಕಾರಕಗಳ ಪ್ರಮಾಣ ಹೆಚ್ಚಿದ್ದಲ್ಲಿ ಸಂಭವ ಹೆಚ್ಚುತ್ತದೆ.

ಸಾಮಾನ್ಯ ನಾಕಿಂಗ್ ಕಿಡಿಯ ನಂತರ ಉಂಟಾಗುವುದರಿಂದ, ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸಿ ಅದನ್ನು ತಡೆಯಬಹುದು. ಅಕಾಲಿಕ ದಹನದಲ್ಲಿ ಕಿಡಿಗೂ ಮೊದಲೇ ಬೆಂಕಿ ಹತ್ತಿರುವುದರಿಂದ ಈ ಉಪಾಯವು ಫಲಿಸುವುದಿಲ್ಲ. ಕೆಲವೇ ಆವರ್ತಗಳ ತೀವ್ರ ಒತ್ತಡದಿಂದ ಪಿಸ್ಟನ್ ಒಡೆಯಬಹುದು ಅಥವಾ ಕನೆಕ್ಟಿಂಗ್ ರಾಡ್ ಬಾಗಬಹುದು.

ಇಕೋ ಮೋಡ್ ಬಳಕೆಯಲ್ಲಿ ಎಚ್ಚರಿಕೆ

ಇಕೋ ಮೋಡ್ ಆಕ್ಸಿಲರೇಟರಿನ ಪ್ರತಿಕ್ರಿಯೆಯನ್ನು ಮೃದುಗೊಳಿಸುತ್ತದೆ. ಆಟೋಮ್ಯಾಟಿಕ್ ಕಾರುಗಳಲ್ಲಿ ಸಾಮಾನ್ಯವಾಗಿ ಮೇಲಿನ ಗೇರನ್ನು ಬೇಗನೆ ಹಾಕುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದರಿಂದ ಇಂಧನ ಉಳಿತಾಯವಾಗುತ್ತದೆ ಮತ್ತು ಇದರ ಬಳಕೆಗೆ ಯಾವುದೇ ಅಡ್ಡಿಯಿಲ್ಲ. ಆದರೆ ಬೇಲೂರಿನಿಂದ ಮೂಡಿಗೆರೆ ಮಾರ್ಗವಾಗಿ ಚಾರ್ಮಾಡಿ ಘಾಟಿಯನ್ನಿಳಿದು ಹೋದವರು ಮರಳಿ ಹತ್ತುವಾಗ, ಅಥವಾ ತೆಂಗಿನಕಾಯಿ ಮೂಟೆ ಹೇರಿಕೊಂಡು ಏರನ್ನು ಹತ್ತುವಾಗ, ಎಂಜಿನ್ ಕಡಿಮೆ ವೇಗದಲ್ಲಿ ಪೂರ್ಣ ಭಾರವನ್ನು ಹೊರುವ ಸ್ಥಿತಿಗೆ ಬರಬಹುದು. ಇಂತಹ ಸಂದರ್ಭದಲ್ಲಿ ಈ ಕೆಳಗಿನಂತೆ ವರ್ತಿಸತಕ್ಕದ್ದು:

1. ಏರಿನಲ್ಲಿ ಇಕೋ ಮೋಡನ್ನು ತೆಗೆದು ಸಾಮಾನ್ಯ ಮೋಡಿಗೆ ಬದಲಾಯಿಸುವುದು.
2. ಮೇಲಿನ ಗೇರಿನಲ್ಲಿಯೇ ಆಕ್ಸಿಲರೇಟರನ್ನು ಪೂರ್ಣ ಒತ್ತದೆ, ಮೊದಲು ಗೇರನ್ನು ಇಳಿಸುವುದು.
3. ತಯಾರಕರ ಕೈಪಿಡಿಯಲ್ಲಿ ಸೂಚಿಸಿರುವ ದರ್ಜೆಯ ಆಯಿಲನ್ನೇ ಹಾಕಿಸುವುದು. 2018ರ ಎಪಿಐ ಎಸ್‌ಎನ್ ಪ್ಲಸ್ ಹಾಗೂ 2020ರ ಎಪಿಐ ಎಸ್‌ಪಿ ದರ್ಜೆಗಳು ಅಕಾಲಿಕ ದಹನದ ಪರೀಕ್ಷೆಯನ್ನು ಒಳಗೊಂಡಿವೆ.
4. ಆಯಿಲನ್ನು ನಿಗದಿತ ಅವಧಿಯೊಳಗೆ ಬದಲಾಯಿಸುವುದು ಹಾಗೂ ಬಿಲ್ಲನ್ನು ಇಟ್ಟುಕೊಳ್ಳುವುದು.
5. ಏರಿನಲ್ಲಿ ಒಮ್ಮೆಲೇ ಲೋಹ ಬಡಿದಂತಹ ಶಬ್ದ ಕೇಳಿಬಂದಲ್ಲಿ ತಕ್ಷಣ ಆಕ್ಸಿಲರೇಟರನ್ನು ಸಡಿಲಿಸಿ, ವಾಹನವನ್ನು ತಪಾಸಣೆಗೆ ಒಳಪಡಿಸುವುದು.

ಹೊಗೆ ತಪಾಸಣೆಯನ್ನು ಭಾರವಿಲ್ಲದೆ ನಿಂತ ವಾಹನದಲ್ಲಿ ನಡೆಸುವುದರಿಂದ, ಸದರಿ ಪ್ರಮಾಣಪತ್ರವಿದ್ದ ಮಾತ್ರಕ್ಕೆ ಎಂಜಿನ್ನಿಗೆ ಈ ತೊಂದರೆ ಇಲ್ಲವೆಂದು ಭಾವಿಸಲಾಗದು.

ಎಂಜಿನ್ ಬದಲಾಯಿಸಿದಲ್ಲಿ

ಪಿಸ್ಟನ್ ಅಥವಾ ರಾಡ್ ಮಾತ್ರ ಬದಲಾಯಿಸಿದಲ್ಲಿ ಎಂಜಿನ್ ಸಂಖ್ಯೆ ಬದಲಾಗುವುದಿಲ್ಲ. ಎಂಜಿನ್ನನ್ನೇ ಬದಲಾಯಿಸಿದಲ್ಲಿ ನೋಂದಣಿ ಪ್ರಮಾಣಪತ್ರದಲ್ಲಿನ ಸಂಖ್ಯೆಯೊಂದಿಗೆ ವ್ಯತ್ಯಾಸ ಉಂಟಾಗುತ್ತದೆ. ಪೂರ್ವಾನುಮತಿ ಪಡೆಯದೆ ಎಂಜಿನ್ ಬದಲಾಯಿಸಿದ್ದಲ್ಲಿ, ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದಂತೆ ಮಾಲೀಕರು 14 ದಿನಗಳೊಳಗಾಗಿ ತಮ್ಮ ವಾಸಸ್ಥಳದ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪ್ರಮಾಣಪತ್ರವನ್ನು ನಿಗದಿತ ಶುಲ್ಕದೊಂದಿಗೆ ಸಲ್ಲಿಸತಕ್ಕದ್ದು. ಹೊಸ ಎಂಜಿನ್ನಿನ ಖರೀದಿ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಹೀಗೆ ದಾಖಲಿಸದಿದ್ದಲ್ಲಿ ಮುಂದೆ ಮಾಲೀಕತ್ವ ವರ್ಗಾವಣೆ, 15 ವರ್ಷಗಳ ನಂತರದ ನೋಂದಣಿ ನವೀಕರಣ ಹಾಗೂ ವಿಮಾ ಪರಿಹಾರದ ಸಂದರ್ಭಗಳಲ್ಲಿ ತೊಂದರೆಯಾಗುವ ಸಂಭವವಿರುತ್ತದೆ.

ಸಾಮಾನ್ಯ ವಾಹನ ವಿಮೆಯು ಯಾಂತ್ರಿಕ ವೈಫಲ್ಯದ ವೆಚ್ಚವನ್ನು ಭರಿಸುವುದಿಲ್ಲ. ವಾರಂಟಿ ಮುಗಿದಿದ್ದಲ್ಲಿ ದುರಸ್ತಿಯ ಹೊರೆಯು ಬಹುತೇಕ ಮಾಲೀಕರ ಮೇಲೆಯೇ ಬೀಳುತ್ತದೆ. ಆದುದರಿಂದ ಏರಿನಲ್ಲಿ ಉಳಿಯುವ ಅಲ್ಪ ಇಂಧನಕ್ಕಿಂತ ಎಂಜಿನ್ನಿನ ರಕ್ಷಣೆಗೆ ಆದ್ಯತೆ ನೀಡಬೇಕೆಂದು ವಾಹನ ಮಾಲೀಕರಲ್ಲಿ ಕೋರಲಾಗಿದೆ.