ದೂರದಿಂದ ಜಾಲಯಂತ್ರಗಳ ಆಡಳಿತ

ಮುಂಬಯಿಯ ಕಚೇರಿಯಲ್ಲಿ ಕುಳಿತವನು ಹುಬ್ಬಳ್ಳಿಯ ಶಾಖೆಯಲ್ಲಿರುವ ರೂಟರನ್ನು ತನ್ನ ಮೇಜಿನಿಂದಲೇ ತಿದ್ದುವುದು ಇಂದು ದಿನನಿತ್ಯದ ಕೆಲಸ. ಆತನು ಬಳಸುವ ಸಾಧನವೂ ಅಪೂರ್ವವಾದುದಲ್ಲ; ವೃತ್ತಪತ್ರಿಕೆಯನ್ನೋದಲು ನಾವು ತೆರೆಯುವ ಬ್ರೌಸರೇ ಅದು. ಈ ಸೌಕರ್ಯದ ಒಳಗುಟ್ಟೇನು, ಅದರಲ್ಲಡಗಿರುವ ಅಪಾಯವೆಂಥದು ಎಂಬುದು ವಿಚಾರಯೋಗ್ಯವಾದ ಸಂಗತಿ.

ರೂಟರ್, ಸ್ವಿಚ್ ಮೊದಲಾದ ಜಾಲಯಂತ್ರಗಳಿಗೆ ಸಾಮಾನ್ಯವಾಗಿ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಅವುಗಳೊಡನೆ ವ್ಯವಹರಿಸಲು ಬಳಿಯಲ್ಲೇ ಕುಳಿತು ತಂತಿ ಜೋಡಿಸಬೇಕು. ಇಲ್ಲವೆ ದೂರದಿಂದ ಆಜ್ಞೆ ಕಳುಹಿಸಬೇಕು. 1969ರಲ್ಲಿ ಹುಟ್ಟಿದ ಟೆಲ್‌ನೆಟ್ ಪದ್ಧತಿಯು ಈ ಎರಡನೆಯ ದಾರಿಯನ್ನು ತೆರೆಯಿತಾದರೂ, ಅದರಲ್ಲಿ ಪಾಸ್‌ವರ್ಡ್ ಕೂಡ ಯಾವ ಮರೆಯೂ ಇಲ್ಲದೆ ಹರಿಯುತ್ತಿತ್ತು. ಈ ಕುಂದನ್ನು ನೀಗಲೆಂದು ಫಿನ್ಲೆಂಡಿನ ತಾತು ಯುಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಮಾರ್ಗವನ್ನು ರಚಿಸಿದರು. ಎರಡರಲ್ಲಿಯೂ ಆಜ್ಞೆಗಳು ಬಾಯಿಪಾಠವಾಗಿರಬೇಕು. ಬ್ರೌಸರ್ ಈ ಶ್ರಮವನ್ನು ತಪ್ಪಿಸಿತು. ಯಂತ್ರದೊಳಗೇ ಒಂದು ಪುಟ್ಟ ವೆಬ್ ಸರ್ವರ್ ಇರುತ್ತದೆ. ವಿಳಾಸ ಬರೆದೊಡನೆ ಅದು ಅರ್ಜಿಯಂತಹ ಪುಟವೊಂದನ್ನು ಕಳುಹಿಸುತ್ತದೆ. ಅದನ್ನು ತುಂಬಿ ಒಪ್ಪಿಸಿದರೆ ಯಂತ್ರವು ತನ್ನ ನಡತೆಯನ್ನು ಬದಲಿಸಿಕೊಳ್ಳುತ್ತದೆ.

ಮನೆಯ ರೂಟರಿನ ವಿಳಾಸವು ಅನೇಕ ವೇಳೆ 192.168.1.1 ಎಂದಿರುತ್ತದೆ. ಮಾಟುಂಗದ ಮನೆಯಲ್ಲಿಯೂ ಧಾರವಾಡದ ಮನೆಯಲ್ಲಿಯೂ ಅದೇ ಅಂಕಿಯಿದ್ದರೆ ಗೊಂದಲವಾಗದೆ ಎಂದು ವಾಚಕರು ಕೇಳಬಹುದು. ಆಗದು, ಈ ಅಂಕಿಗಳು ಮನೆಯೊಳಗಿನ ಬಳಕೆಗೆಂದೇ ಮೀಸಲಾದವು, ಹೊರಜಾಲದಲ್ಲಿ ಅವಕ್ಕೆ ಸಂಚಾರವಿಲ್ಲ. ಹಾಗಾದರೆ ಮುಂಬಯಿಯವನು ಹುಬ್ಬಳ್ಳಿಯನ್ನು ಮುಟ್ಟುವುದು ಹೇಗೆ? ಸರಿಯಾದ ಕ್ರಮವೆಂದರೆ, ವಿಪಿಎನ್ ಎಂಬ ಗುಪ್ತ ಸುರಂಗದ ಮೂಲಕ ಮೊದಲು ಒಳಜಾಲವನ್ನು ಸೇರಿ, ಆಮೇಲೆ ಯಂತ್ರದ ಪುಟವನ್ನು ತೆರೆಯುವುದು. ಆದರೆ ಸೋಮಾರಿತನಕ್ಕೆ ಇನ್ನೊಂದು ದಾರಿಯುಂಟು: ಆಡಳಿತದ ಪುಟವನ್ನೇ ಲೋಕದೆದುರು ತೆರೆದಿಡುವುದು. ಅನರ್ಥಗಳ ಮೂಲ ಬಹುಮಟ್ಟಿಗೆ ಇಲ್ಲಿದೆ.

2023ರ ಜೂನಿನಲ್ಲಿ ಅಮೆರಿಕದ ಸೈಬರ್ ರಕ್ಷಣಾ ಸಂಸ್ಥೆಯಾದ ಸೀಸಾ, ಕೇಂದ್ರ ಸರ್ಕಾರದ ನಾಗರಿಕ ಇಲಾಖೆಗಳಿಗೊಂದು ಆದೇಶ ಹೊರಡಿಸಿತು. ಹೀಗೆ ತೆರೆದುಕೊಂಡಿರುವ ಪುಟ ಕಂಡುಬಂದಲ್ಲಿ 14 ದಿನಗಳೊಳಗೆ ಅದನ್ನು ಹೊರಜಾಲದಿಂದ ಹಿಂತೆಗೆಯಬೇಕು, ಇಲ್ಲವೆ ಪ್ರತ್ಯೇಕ ಕಾವಲಿಡಬೇಕು ಎಂಬುದು ಅದರ ಸಾರ. ಆದೇಶದ ಔಚಿತ್ಯಕ್ಕೆ ನಿದರ್ಶನ ಬೇಗನೆ ದೊರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸಿಸ್ಕೋ ಕಂಪನಿಯ ಐಒಎಸ್ ಎಕ್ಸ್‌ಇ ತಂತ್ರಾಂಶದ ವೆಬ್ ಪುಟದಲ್ಲಿ ಬಿರುಕೊಂದು ಬೆಳಕಿಗೆ ಬಂದಿತು. ಯಾವ ಪಾಸ್‌ವರ್ಡೂ ಇಲ್ಲದೆ ಅಪರಿಚಿತನು ತನಗೆ ತಾನೇ ಅಧಿಕಾರಿಯ ಪಟ್ಟ ಕಟ್ಟಿಕೊಳ್ಳಬಹುದಾಗಿತ್ತು! ತೀವ್ರತೆಯ ಮಾಪನದಲ್ಲಿ ಅದಕ್ಕೆ 10ಕ್ಕೆ 10 ಬಿದ್ದಿತು. ಸಾವಿರಾರು ಯಂತ್ರಗಳು ಕೈತಪ್ಪಿದವು. ಪಾಸ್‌ವರ್ಡ್ ಬಲವಾಗಿದ್ದರೆ ಸಾಕೆಂಬ ನಂಬಿಕೆ ಎಷ್ಟು ಟೊಳ್ಳೆಂಬುದು ಇದರಿಂದ ವೇದ್ಯವಾಗುತ್ತದೆ.

ಶತ್ರುವಿಲ್ಲದೆಯೂ ಕೆಡುಕಾಗುವುದುಂಟು. ದೂರದಿಂದ ತಿದ್ದುವವನು ತಾನು ಬಂದ ದಾರಿಯನ್ನೇ ಮುಚ್ಚಿಬಿಟ್ಟರೆ, ಕುಳಿತ ಕೊಂಬೆಯನ್ನೇ ಕಡಿದಂತೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕಿಗೆ ಒದಗಿದ್ದು ಇದೇ ಗತಿ. ನಿರ್ವಹಣೆಯ ವೇಳೆ ಕೊಟ್ಟ ಆಜ್ಞೆಯೊಂದರಿಂದ ಅದರ ಬೆನ್ನೆಲುಬಿನ ಜಾಲವೇ ಕಡಿದುಹೋಯಿತು. ಸರಿಪಡಿಸುವ ಉಪಕರಣಗಳೂ ಅದೇ ಜಾಲವನ್ನವಲಂಬಿಸಿದ್ದವು. ಕೊನೆಗೆ ಇಂಜಿನಿಯರುಗಳು ಯಂತ್ರಾಗಾರಗಳಿಗೆ ಖುದ್ದಾಗಿ ಹೋಗಬೇಕಾಯಿತು. ಸೇವೆ ಮರಳಲು ಸುಮಾರು ಆರು ಗಂಟೆ ಹಿಡಿಯಿತು.

ಆದುದರಿಂದಲೇ ಬಲ್ಲವರು ಆಡಳಿತಕ್ಕೆಂದು ಬೇರೆಯೇ ಒಂದು ದಾರಿಯನ್ನಿಟ್ಟುಕೊಳ್ಳುತ್ತಾರೆ. ಜೂನಿಪರ್ ಯಂತ್ರಗಳಲ್ಲಿ ಮತ್ತೊಂದು ಜಾಣ ಏರ್ಪಾಡಿದೆ: ಬದಲಾವಣೆಯನ್ನು ಪ್ರಯೋಗಾರ್ಥವಾಗಿ ಜಾರಿಗೆ ತಂದು, ಬೇರೆ ಅವಧಿ ಹೇಳದಿದ್ದರೆ 10 ನಿಮಿಷಗಳೊಳಗೆ, ಅದನ್ನು ಮತ್ತೆ ದೃಢಪಡಿಸಬೇಕು, ದೃಢಪಡಿಸದಿದ್ದರೆ ಯಂತ್ರವು ತಾನಾಗಿಯೇ ಹಳೆಯ ಸ್ಥಿತಿಗೆ ಮರಳುತ್ತದೆ.