ತಟ್ಟೆಯಲ್ಲಿ ಬಿಟ್ಟ ಅನ್ನ

ಭೂಮಿಯ ತಾಪವು ಏರುತ್ತಿರುವುದನ್ನು ಈಗ ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದನ್ನು ತಡೆಯಲು ವಿದ್ಯಾರ್ಥಿಯಿಂದೇನಾದೀತೆಂದು ಅನೇಕರು ಕೇಳುವರು. ಉತ್ತರಕ್ಕಾಗಿ ದೂರ ಹೋಗಬೇಕಾದುದಿಲ್ಲ. ವಿದ್ಯಾರ್ಥಿನಿಲಯದ ಊಟದ ಮನೆಯನ್ನು ನೋಡಿದರೆ ಸಾಕು.

ಅಲ್ಲಿ ತಟ್ಟೆಗಳಲ್ಲಿ ಉಳಿದ ಅನ್ನವೆಲ್ಲವೂ ತೊಟ್ಟಿಯನ್ನು ಸೇರುವುದು. ಆ ಅನ್ನದ ಹಿಂದಿನ ವೆಚ್ಚವನ್ನು ಎಣಿಸಿರಿ. ನೀರು ನಿಂತ ಗದ್ದೆಯ ಕೆಸರಿಗೆ ಗಾಳಿಯಾಡದುದರಿಂದ ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಹುಟ್ಟಿಸುವುವು. ಗೊಬ್ಬರ, ಪಂಪು, ಲಾರಿ, ಒಲೆ ಇವೆಲ್ಲಕ್ಕೂ ಇಂಧನ ಬೇಕು. ಕಡೆಗೆ ಬಿಸುಟ ಅನ್ನವು ಕಸದ ರಾಶಿಯ ಅಡಿಯಲ್ಲಿ ಕೊಳೆತು ಮತ್ತೊಮ್ಮೆ ಅದೇ ಅನಿಲವನ್ನು ಕೊಡುವುದು. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್, ಅಷ್ಟೇ ತೂಕದ ಇಂಗಾಲಾಮ್ಲಕ್ಕಿಂತ ಸುಮಾರು 28 ಮಡಿ ಶಾಖವನ್ನು ಹಿಡಿದಿಡುವುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಲೋಕದ ಮನೆ, ಹೋಟೆಲು, ಅಂಗಡಿಗಳಲ್ಲಿ ಸುಮಾರು 105 ಕೋಟಿ ಟನ್ನು ಆಹಾರವು ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದೇ.

ಆದುದರಿಂದ ಈ ಚಾಳಿಯನ್ನು ವಿದ್ಯಾರ್ಥಿಯು ಮನೆಯಿಂದಲೇ ಒಯ್ದಿರುವನೆನ್ನಬೇಕು. ಬೇಡವೆಂದು ಕೈ ಅಡ್ಡ ಹಿಡಿದರೂ ಮತ್ತೊಂದು ಸೌಟು ಬಡಿಸುವುದನ್ನೇ ನಾವು ಉಪಚಾರವೆಂದು ತಿಳಿದಿರುವೆವು. ಮೊದಲು ಸ್ವಲ್ಪ ಬಡಿಸಿಕೊಂಡು ಬೇಕಾದರೆ ಮತ್ತೆ ಕೇಳುವುದು. ಊಟಕ್ಕೆ ಬಾರದ ದಿನ ಮುಂಚಿತವಾಗಿಯೇ ಅಡಿಗೆಯವರಿಗೆ ತಿಳಿಸುವುದು. ತರಕಾರಿಯ ಸಿಪ್ಪೆಯನ್ನು ಒಣಗಿದ ಎಲೆಗಳೊಡನೆ ಬೆರೆಸಿ, ಗಾಳಿಯಾಡುವಂತೆ ಆಗಾಗ ತಿರುವಿ ಗೊಬ್ಬರ ಮಾಡುವುದು: ಈ ಮೂರಕ್ಕೆ ಹಣವೇನೂ ಬೇಡ. ಒಬ್ಬನು ಉಳಿಸುವ ತುತ್ತು ಚಿಕ್ಕದೇ ನಿಜ. ಆದರೆ ತೊಟ್ಟಿಗೆ ಬೀಳುವುದು ಕಡಮೆಯಾದಂತೆ ಅಡಿಗೆಯವರು ಅಳೆಯುವ ಅಕ್ಕಿಯೂ ಕಡಮೆಯಾಗುವುದು. ರಜೆಗೆ ಮನೆಗೆ ಬಂದ ಮಗನೋ ಮಗಳೋ ಸಾಕೆಂದಾಗ, ನಾವು ಸೌಟನ್ನು ಹಿಂದಕ್ಕೆ ತೆಗೆದುಕೊಳ್ಳೋಣ.