ಚೆಂಡು ಒದ್ದರೆ ಹೊಟ್ಟೆ ತುಂಬುತ್ತಾ?

ಶೇಷಾದ್ರಿಪುರದ ಒಂದು ಗಲ್ಲಿ. ಸಂಜೆ ಹೊತ್ತು. ಹೆಂಗಸರು ಓದು-ಬರಹ ಕಲಿಯಲು ಕೂತಿದ್ದಾರೆ. ಹೊರಗೆ ಹುಡುಗರು ಚೆಂಡು ಒದೆಯುತ್ತಿದ್ದಾರೆ. ಧಡ್ ಅಂತ ಚೆಂಡು ಬಾಗಿಲಿಗೆ ಬಡಿಯಿತು.

"ನನ್ನ ಮಗನೇ ಇರಬೇಕು. ಮೂರು ಹೊತ್ತೂ ಇದೇ ಕೆಲಸ. ಅಲ್ಲಾ ಟೀಚರಮ್ಮಾ, ಚೆಂಡು ಒದ್ದರೆ ಹೊಟ್ಟೆ ತುಂಬುತ್ತಾ?" ಎಂದರು ಒಬ್ಬ ಅಕ್ಕ.

ಎಲ್ಲರೂ ನಕ್ಕರು. ಆದರೆ ಇದು ನಗುವ ಪ್ರಶ್ನೆ ಅಲ್ಲ. ತಾಯಿ ಕೇಳಲೇಬೇಕಾದ ಪ್ರಶ್ನೆ. ಬನ್ನಿ, ಉತ್ತರ ಹುಡುಕೋಣ.

ಗೋಲು ಹೊಡೆಯುವವನು

ಫುಟ್‌ಬಾಲ್ ಆಟದಲ್ಲಿ ಎರಡು ತಂಡ. ಒಂದೊಂದು ತಂಡದಲ್ಲಿ 11 ಜನ. ಆಟ 90 ನಿಮಿಷ. ಎದುರಾಳಿಯ ಗೋಲಿನ ಹತ್ತಿರ ಆಡುವವನಿಗೆ ಸ್ಟ್ರೈಕರ್ ಅನ್ನುತ್ತಾರೆ. ಗೋಲು ಹೊಡೆಯುವುದೇ ಅವನ ಮುಖ್ಯ ಕೆಲಸ. ಹೊಡೆದರೆ ಚಪ್ಪಾಳೆ. ತಪ್ಪಿದರೆ ಬೈಗುಳ.

ಆಟವನ್ನೇ ಉದ್ಯೋಗ ಮಾಡಿಕೊಂಡವನು ಪ್ರೊಫೆಷನಲ್ ಆಟಗಾರ. ಅವನಿಗೆ ಕ್ಲಬ್ ಸಂಬಳ ಕೊಡುತ್ತದೆ.

ಸುನಿಲ್ ಚೆಟ್ರಿ ಅಂಥ ಒಬ್ಬ ಆಟಗಾರ. ಭಾರತದ ಪರವಾಗಿ 90ಕ್ಕೂ ಹೆಚ್ಚು ಗೋಲು ಹೊಡೆದವರು. ಬೆಂಗಳೂರು ತಂಡದ ನಾಯಕರಾಗಿ ನಮ್ಮ ಊರಿಗೂ ಹೆಸರು ತಂದವರು. ಅವರ ಮೊದಲ ದಿನಗಳು ಹೇಗಿದ್ದವು ಗೊತ್ತೇ?

ಆಟ ಬಲ್ಲ ತಾಯಿ

ಚೆಟ್ರಿ ಹುಟ್ಟಿದ್ದು 1984ರಲ್ಲಿ, ಸಿಕಂದರಾಬಾದಿನಲ್ಲಿ. ತಂದೆ ಸೈನ್ಯದಲ್ಲಿದ್ದರು. ಅವರಿಗೆ ವರ್ಗ ಆದ ಹಾಗೆಲ್ಲ ಮನೆ ಬದಲು, ಶಾಲೆ ಬದಲು. ತಾಯಿ ಸುಶೀಲಾ. ಅವರೂ ಅವರ ಅವಳಿ ಸೋದರಿಯೂ ನೇಪಾಳ ದೇಶದ ಮಹಿಳಾ ತಂಡದಲ್ಲಿ ಫುಟ್‌ಬಾಲ್ ಆಡಿದವರು! ಆಟ ಆ ಮನೆಗೆ ಹೊಸದಾಗಿರಲಿಲ್ಲ.

2002ರಲ್ಲಿ ಕೋಲ್ಕತ್ತದ ಮೋಹನ್ ಬಾಗನ್ ಕ್ಲಬ್ ಚೆಟ್ರಿಯನ್ನು ಸೇರಿಸಿಕೊಂಡಿತು. ಆಗಿನ್ನೂ ಹದಿಹರೆಯದ ಹುಡುಗ. ದೊಡ್ಡ ಕ್ಲಬ್, ದೊಡ್ಡ ಹೆಸರು. ಇನ್ನೇನು, ಹುಡುಗ ಗೆದ್ದ ಅಂದುಕೊಂಡಿರಾ?

ಇಲ್ಲ. ಅಲ್ಲಿ ಮೂರು ವರ್ಷ ಇದ್ದರು. ಲೀಗ್ ಪಂದ್ಯಗಳಲ್ಲಿ ಹೊಡೆದದ್ದು ಎಂಟೇ ಗೋಲು. ದೊಡ್ಡ ಕ್ಲಬ್ಬಿನಲ್ಲಿ ಹಳಬರು ಇರುತ್ತಾರೆ. ಹೊಸಬರು ಎಷ್ಟೋ ದಿನ ಹೊರಗೆ ಬೆಂಚಿನ ಮೇಲೆ ಕಾಯಬೇಕು. ಹೊಸ ಸೊಸೆಗೆ ಬಂದ ದಿನವೇ ಮನೆಯ ಬೀಗದ ಕೈ ಕೊಡುತ್ತಾರೆಯೇ? ಹಾಗೇ ಇದೂ.

2005ರಲ್ಲಿ ಪಂಜಾಬಿನ ಜೆಸಿಟಿ ತಂಡಕ್ಕೆ ಹೋದರು. ಅದು ಒಂದು ಬಟ್ಟೆ ಗಿರಣಿಯ ತಂಡ. ಅಲ್ಲಿ ಆಡಲು ಹೆಚ್ಚು ಅವಕಾಶ ಸಿಕ್ಕಿತು, ಗೋಲುಗಳೂ ಬಂದವು. ಅದೇ ವರ್ಷ ಜೂನ್‌ನಲ್ಲಿ ಪಾಕಿಸ್ತಾನದ ಕ್ವೆಟ್ಟಾದಲ್ಲಿ ಭಾರತದ ಪರವಾಗಿ ಮೊದಲ ಪಂದ್ಯ ಆಡಿದರು. ಆ ಪಂದ್ಯದಲ್ಲೇ ಒಂದು ಗೋಲು ಹೊಡೆದರು.

2008ರಲ್ಲಿ ದೆಹಲಿಯಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್ ನಡೆಯಿತು. ತಜಿಕಿಸ್ತಾನದ ಮೇಲೆ ಚೆಟ್ರಿ ಒಬ್ಬರೇ ಮೂರು ಗೋಲು ಹೊಡೆದರು. ಭಾರತ 4-1ರಿಂದ ಗೆದ್ದಿತು. ಇದರಿಂದ 2011ರ ಏಷ್ಯಾ ಕಪ್ ಆಡುವ ಅವಕಾಶ ಸಿಕ್ಕಿತು. 27 ವರ್ಷ ಭಾರತಕ್ಕೆ ಆ ಭಾಗ್ಯ ಇರಲಿಲ್ಲ.

ಮುಚ್ಚಿದ ಬಾಗಿಲುಗಳು

ಆಮೇಲೂ ದಾರಿ ಸಲೀಸಾಗಲಿಲ್ಲ. 2009ರಲ್ಲಿ ಇಂಗ್ಲೆಂಡಿನ ಒಂದು ಕ್ಲಬ್ ಚೆಟ್ರಿಯನ್ನು ಕರೆಯಿತು. ಆದರೆ ಅಲ್ಲಿ ಕೆಲಸ ಮಾಡಲು ಸರ್ಕಾರದ ಪರವಾನಗಿ ಸಿಗಲಿಲ್ಲ. ಯಾಕೆ? ಪ್ರಪಂಚದ ಮೊದಲ 70 ತಂಡಗಳಲ್ಲಿ ಭಾರತ ಇರಲಿಲ್ಲ. ಹುಡುಗನ ಆಟದಲ್ಲಿ ತಪ್ಪಿರಲಿಲ್ಲ. ಆದರೂ ಬಾಗಿಲು ಮುಚ್ಚಿತು.

2010ರಲ್ಲಿ ಅಮೆರಿಕಕ್ಕೆ ಹೋದರು. 2012ರಲ್ಲಿ ಪೋರ್ಚುಗಲ್ ದೇಶಕ್ಕೆ ಹೋದರು. ಎರಡು ಕಡೆಯೂ ಆಡಲು ಅವಕಾಶ ಸಿಕ್ಕಿದ್ದು ಬಹಳ ಕಮ್ಮಿ. ವಾಪಸ್ ಬಂದರು. ನಾಚಿಕೆಪಟ್ಟು ಆಟ ಬಿಡಲಿಲ್ಲ.

2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ಹೊಸ ಕ್ಲಬ್ ಶುರುವಾಯಿತು. ಚೆಟ್ರಿ ಅದರ ನಾಯಕರಾದರು. ಆಗ ಅವರಿಗೆ 28 ತುಂಬಿತ್ತು. ಅಷ್ಟರಲ್ಲಿ ಎಂಟು ಕ್ಲಬ್ ಕಂಡಿದ್ದರು. ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಆಡಿದ ಆ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಮುಂದೆ ಕಬ್ಬನ್ ಪಾರ್ಕ್ ಹತ್ತಿರದ ಕಂಠೀರವ ಕ್ರೀಡಾಂಗಣ ಅವರ ಮನೆಯಾಯಿತು. ನಮ್ಮ ಶೇಷಾದ್ರಿಪುರದಿಂದ ಮೆಜೆಸ್ಟಿಕ್ ದಾಟಿದರೆ ಅದೇನು ದೂರವೇ?

ತಾಯಿ ತಿಳಿದಿರಬೇಕಾದ್ದು

ಹಿಂದೆ ಬೆಂಗಳೂರಿನ ಐಟಿಐ, ಎಚ್‌ಎಎಲ್ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದವು. ಆಟ ನಿಂತರೂ ನೌಕರಿ ಉಳಿಯುತ್ತಿತ್ತು. ಪ್ರೊಫೆಷನಲ್ ಕ್ಲಬ್ಬಿನಲ್ಲಿ ಹಾಗಲ್ಲ. ಅಲ್ಲಿ ಕರಾರು ಇರುತ್ತದೆ. ಒಂದು ವರ್ಷ, ಎರಡು ವರ್ಷ, ಹೀಗೆ. ಕರಾರು ಮುಗಿದರೆ ಸಂಬಳವೂ ಮುಗಿಯಿತು. ಮಂಡಿಗೆ ಪೆಟ್ಟು ಬಿದ್ದರೆ ತಿಂಗಳುಗಟ್ಟಲೆ ಆಟವಿಲ್ಲ. 35 ದಾಟಿದ ಮೇಲೂ ಆಡುವವರು ಕಡಿಮೆ.

ಅದಕ್ಕೇ ನಾಲ್ಕು ಮಾತು ನೆನಪಿಡಿ.

ಒಂದು: ಮಗು ಆಡಲಿ. ಜೊತೆಗೆ ಓದಲಿ. ಆಟ ಕೈಬಿಟ್ಟರೆ ಓದು ಕೈ ಹಿಡಿಯುತ್ತದೆ.

ಎರಡು: 18 ತುಂಬದ ಮಕ್ಕಳು ತಾವೇ ಕರಾರು ಮಾಡಿಕೊಳ್ಳುವಂತಿಲ್ಲ. ದೊಡ್ಡವರ ಸಹಿ ಬೇಕು. 18ರ ಒಳಗಿನ ಆಟಗಾರರ ಕರಾರು ಮೂರು ವರ್ಷ ಮೀರಬಾರದು. ಇದು ಪ್ರಪಂಚದ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ.

ಮೂರು: ಕಾಗದ ಓದದೆ ಸಹಿ ಹಾಕಬೇಡಿ. ಸಂಬಳ ಎಷ್ಟು? ಎಷ್ಟು ದಿನ? ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು? ಕೇಳಿ. ಅರ್ಥವಾಗದಿದ್ದರೆ ತಿಳಿದವರಿಂದ ಓದಿಸಿ.

ನಾಲ್ಕು: "ದುಡ್ಡು ಕೊಡಿ, ನಿಮ್ಮ ಹುಡುಗನನ್ನು ತಂಡಕ್ಕೆ ಸೇರಿಸ್ತೀನಿ" ಅಂತ ಬರುವವರಿದ್ದಾರೆ. ನಂಬಬೇಡಿ.

ಮಗಳು ಆಡಬಾರದೇ?

ಪಾಠ ಕೇಳುತ್ತಿದ್ದ ಇನ್ನೊಬ್ಬರು ಮೆಲ್ಲಗೆ ಅಂದರು. "ನನ್ನ ಮಗಳೂ ಚೆನ್ನಾಗಿ ಓಡ್ತಾಳೆ. ಹೆಣ್ಣು ಅಂತ ನಾನೇ ಬಿಡಲಿಲ್ಲ."

ಮಣಿಪುರದ ಬಾಲಾ ದೇವಿ ಕೂಡ ಸ್ಟ್ರೈಕರ್. 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಅವರ ಜೊತೆ ಕರಾರು ಮಾಡಿಕೊಂಡಿತು. ಹೊರದೇಶದಲ್ಲಿ ಹೀಗೆ ಪ್ರೊಫೆಷನಲ್ ಆಟಗಾರ್ತಿಯಾದ ಭಾರತದ ಮೊದಲ ಹೆಣ್ಣುಮಗಳು ಅವರು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಹುಡುಗಿಯರು ದೇಶದ ಮಹಿಳಾ ಲೀಗ್‌ನಲ್ಲಿ ಆಡಿದ್ದಾರೆ.

ಹಾಗಾದರೆ ಚೆಂಡು ಒದ್ದರೆ ಹೊಟ್ಟೆ ತುಂಬುತ್ತಾ? ಕೆಲವರಿಗೆ ತುಂಬುತ್ತದೆ. ಎಲ್ಲರಿಗೂ ಅಲ್ಲ. ಆದರೆ ಆಡಿದ ಮಗುವಿನ ಮೈ ಗಟ್ಟಿಯಾಗುತ್ತದೆ. ಸೋತರೂ ಏಳುವುದನ್ನು ಕಲಿಯುತ್ತದೆ.

ಮೊದಲು ಪ್ರಶ್ನೆ ಕೇಳಿದ ಅಕ್ಕ ಎದ್ದು ಬಾಗಿಲು ತೆರೆದರು. ಚೆಂಡನ್ನು ಹೊರಗೆ ಎಸೆದರು. "ಏಳು ಗಂಟೆಗೆ ಮನೇಲಿರಬೇಕು. ಇಬ್ಬರೂ ಕೂತು ಓದೋಣ" ಅಂದರು.

ಮಾತಾಡಿಕೊಳ್ಳಿ

ನಿಮ್ಮ ಬೀದಿಯ ಮಕ್ಕಳಿಗೆ ಆಡಲು ಜಾಗ ಇದೆಯೇ?

ಅಲ್ಲಿ ಹೆಣ್ಣುಮಕ್ಕಳೂ ಆಡುತ್ತಾರೆಯೇ? ಇಲ್ಲದಿದ್ದರೆ ಯಾಕೆ?

ನೀವು ಓದದೆ ಸಹಿ ಹಾಕಿದ ಕಾಗದ ಯಾವುದಾದರೂ ಇದೆಯೇ?